ಕುಲಪತಿಗಳ ಬೀಳ್ಕೊಡುಗೆ: ಚಿನ್ನದ ಪದಕ ಬೇಕೇ, ಬೇಡವೇ?

ಕೆಂಪುಗೌನು: ನಮ್ಮ ವಿ.ವಿ. ಕುಲಪತಿಗಳ ನಾಲ್ಕು ವರ್ಷದ ಅವಧಿ ಮುಂದಿನ ತಿಂಗಳು ಮುಗಿಯುತ್ತೆ. ಬೀಳ್ಕೊಡುಗೆ ಸಮಿತಿ ಮೂರು ವಿಷಯ ಯೋಚಿಸಿದೆ: ಬಿನ್ನವತ್ತಳೆ, ಅವರ ಹೆಸರಲ್ಲಿ ಚಿನ್ನದ ಪದಕದ ದತ್ತಿ, ಹೊಸ ಸಭಾಂಗಣಕ್ಕೆ ಅವರ ಹೆಸರು. ಬಿನ್ನವತ್ತಳೆಯ ಮೊದಲ ಸಾಲಲ್ಲೇ ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಕೊಟ್ಟ ಶ್ರೇಣಿ ಬರಬೇಕು. ಅವರಿಲ್ಲದಿದ್ದರೆ ಅದು ಸಿಗ್ತಾ ಇರಲಿಲ್ಲ. ಸಲಹೆ ಹೇಳಿ.

ಖಾತೆಪುಸ್ತಕ: "ಅವರಿಲ್ಲದಿದ್ದರೆ ಸಿಗ್ತಾ ಇರಲಿಲ್ಲ" ಅನ್ನೋದು ದಾಖಲೆ ಎದುರು ನಿಲ್ಲಲ್ಲ. ನ್ಯಾಕ್‌ಗೆ ಕೊಟ್ಟ ಸ್ವ-ಅಧ್ಯಯನ ವರದಿಯಲ್ಲಿ ಹಿಂದಿನ ಐದು ವರ್ಷದ ಅಂಕಿ-ಅಂಶ ಇರುತ್ತೆ. ಇವರ ಅವಧಿಯೇ ನಾಲ್ಕು ವರ್ಷ. ಅಂದಮೇಲೆ ಕನಿಷ್ಠ ಒಂದು ವರ್ಷದ ಸಾಧನೆ ಹಿಂದಿನವರದ್ದು. ಎಷ್ಟೋ ಪಿಎಚ್‌ಡಿಗಳ ನೋಂದಣಿಯೂ ಹಿಂದಿನವರ ಕಾಲದ್ದೇ.

ಗಂಗೋತ್ರಿಹಾದಿ: "ಹಿಂದಿನವರದ್ದು" ಅಂತ ಹೀಗೆ ಪಾಲು ಹಾಕ್ತಾ ಹೋದರೆ ಯಾರಿಗೂ ಏನೂ ಉಳಿಯಲ್ಲ. ಕುವೆಂಪು ಮೈಸೂರಲ್ಲಿ ಕುಲಪತಿಯಾಗಿದ್ದದ್ದು 1956ರಿಂದ 1960, ಅಷ್ಟೇ. ಅಲ್ಲಿನ ಸ್ನಾತಕೋತ್ತರ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ವಿಭಾಗಗಳು ತುಂಬಿಕೊಂಡಿದ್ದು ಅವರು ಹೋದ ಮೇಲೆ. ಹಾಗಂತ ಮಾನಸಗಂಗೋತ್ರಿ ಅವರದ್ದಲ್ಲ ಅಂತೀರಾ?

ಖಾತೆಪುಸ್ತಕ: ನೀವೇ ನನ್ನ ಮಾತಿಗೆ ಸಾಕ್ಷಿ ಕೊಟ್ರಿ. ಕುವೆಂಪು ಅವರನ್ನು ನೆನೆಯೋದು ಶ್ರೇಣಿಗಾಗಿ ಅಲ್ಲ. ಸ್ನಾತಕೋತ್ತರ ಕೇಂದ್ರವನ್ನು ಊರ ಗದ್ದಲದಿಂದ ಹೊರಗೆ ತಂದ ನಿರ್ಧಾರಕ್ಕೆ, ವಿಶ್ವವಿದ್ಯಾನಿಲಯವನ್ನು ಅಧ್ಯಯನಾಂಗ, ಸಂಶೋಧನಾಂಗ, ಜನರಿಗೆ ಜ್ಞಾನ ತಲುಪಿಸುವ ಪ್ರಸಾರಾಂಗ ಅಂತ ಕಂಡ ದೃಷ್ಟಿಗೆ. ಇವರೂ ಅಂಥ ನಿರ್ಧಾರ ತಗೊಂಡಿದ್ದರೆ ವಿ.ವಿ.ಯ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ನಡಾವಳಿಯಲ್ಲಿ ಇರುತ್ತೆ. ದಿನಾಂಕದ ಸಮೇತ ತೆಗೆದು ಬಿನ್ನವತ್ತಳೆಗೆ ಹಾಕಿ.

ಕೆಂಪುಗೌನು: ನಡಾವಳಿ ತೆಗೆಸೋಣ. ಪದಕದ ಬಗ್ಗೆ ಯಾರೂ ಮಾತೇ ಆಡಿಲ್ಲ. ಬಡ್ಡಿಯಲ್ಲಿ ಪ್ರತಿ ವರ್ಷ ಪದಕ ಕೊಡೋಕೆ ಎರಡು ಲಕ್ಷ ಮೂಲನಿಧಿ ಸಾಕಲ್ಲವೇ?

ಖಾತೆಪುಸ್ತಕ: ಸಾಲದು. 2000ರ ಆಸುಪಾಸಲ್ಲಿ 10 ಗ್ರಾಂ ಚಿನ್ನಕ್ಕೆ ಐದು ಸಾವಿರವೂ ಇರಲಿಲ್ಲ, ಠೇವಣಿಗೆ ಶೇ. 10ರ ಹತ್ತಿರ ಬಡ್ಡಿ. 50 ಸಾವಿರ ಇಟ್ಟರೆ ವರ್ಷಕ್ಕೊಂದು 10 ಗ್ರಾಂ ಪದಕ ಬರ್ತಿತ್ತು. 2020ರಲ್ಲಿ 10 ಗ್ರಾಂ 50 ಸಾವಿರ ದಾಟಿತು, ಬಡ್ಡಿ ಶೇ. 5.5ರ ಆಚೀಚೆಗೆ ಇಳಿಯಿತು. ಅದೇ 50 ಸಾವಿರಕ್ಕೆ ವರ್ಷಕ್ಕೆ 2,750 ರೂಪಾಯಿ. ಅರ್ಧ ಗ್ರಾಂ ಚಿನ್ನ! ಹಳೇ ದತ್ತಿಗಳ ಪದಕಗಳಿಗೆ ಬರೀ ಚಿನ್ನದ ಲೇಪ ಬಂದಿರೋದು ಇದೇ ಕಾರಣಕ್ಕೆ.

ಘಟಿಕೋತ್ಸವಪ್ರಿಯ: ಲೇಪ ಇದ್ದರೆ ಏನಂತೆ? ಪದಕವನ್ನು ಯಾರೂ ತೂಕಕ್ಕೆ ಹಾಕಲ್ಲ. ವೇದಿಕೆ ಮೇಲೆ "ಇಂಥವರ ಹೆಸರಿನ ಚಿನ್ನದ ಪದಕ" ಅಂತ ಪ್ರತಿ ವರ್ಷ ಕೂಗ್ತಾರಲ್ಲ, ಆ ಗೌರವಕ್ಕೆ ಬೆಲೆ ಕಟ್ಟೋಕಾಗುತ್ತಾ?

ಖಾತೆಪುಸ್ತಕ: ಬೆಳ್ಳಿಗೆ ಲೇಪ ಹಾಕಿ "ಚಿನ್ನದ ಪದಕ" ಅಂತ ಕೂಗೋದು ಗೌರವ ಅಲ್ಲ. ದತ್ತಿ ನಿಯಮಾವಳಿಯಲ್ಲಿ "ಚಿನ್ನದ ಪದಕ" ಅಂತ ಬರೆದು ಲೇಪದ್ದು ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ.

ಘಟಿಕೋತ್ಸವಪ್ರಿಯ: ಆಡಿಟ್ ಆಕ್ಷೇಪಣೆ ತೋರಿಸಿ ಹೆದರಿಸಬೇಡಿ. ನಿಯಮಾವಳಿಯಲ್ಲೇ "ಚಿನ್ನದ ಲೇಪವಿರುವ ಬೆಳ್ಳಿ ಪದಕ" ಅಂತ ಬರೆದರೆ ಮುಗೀತು.

ಗಂಗೋತ್ರಿಹಾದಿ: ಲೇಪವೋ ಗಟ್ಟಿಯೋ, ಪದಕವೇ ಬೇಡ. ಪದಕಗಳ ಪಟ್ಟಿ ಆಗಲೇ ಉದ್ದವಿದೆ. ಒಬ್ಬಳೇ ವಿದ್ಯಾರ್ಥಿನಿ ಹತ್ತಾರು ಪದಕ ತಗೊಂಡು ಹೋಗ್ತಾಳೆ. ಅವಳ ಶ್ರಮಕ್ಕೆ ನಮಸ್ಕಾರ, ಆದರೆ ಹನ್ನೊಂದನೇ ಪದಕದಿಂದ ಅವಳಿಗೆ ಆಗೋ ಪ್ರಯೋಜನ ಏನು? ವಿದ್ಯಾರ್ಥಿವೇತನ ಇಡಿ.

ಘಟಿಕೋತ್ಸವಪ್ರಿಯ: "ಪ್ರಯೋಜನ ಏನು" ಅಂತ ಕೇಳೋರಿಗೆ ಘಟಿಕೋತ್ಸವವೇ ಅರ್ಥ ಆಗಿಲ್ಲ. ಪದಕ ತಗೊಂಡವರ ಮನೆಗೆ ಹೋಗಿ ನೋಡಿ, ಗೋಡೆ ಮೇಲೆ ಇಟ್ಟಿರ್ತಾರೆ.

ಖಾತೆಪುಸ್ತಕ: ವಿದ್ಯಾರ್ಥಿವೇತನಕ್ಕೂ ಇದೇ ಲೆಕ್ಕ ಕೇಳಿಸಿಕೊಳ್ಳಿ. 10 ಲಕ್ಷ ಮೂಲನಿಧಿ, ಶೇ. 7 ಬಡ್ಡಿ, ವರ್ಷಕ್ಕೆ 70 ಸಾವಿರ. ಪೂರ್ತಿ ಹಂಚಿಬಿಟ್ಟರೆ, ಬೆಲೆಯೇರಿಕೆ ಶೇ. 5 ಇದ್ದರೂ ಹದಿನೈದು ವರ್ಷಕ್ಕೆ ಆ 70 ಸಾವಿರದ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತೆ. ಮೌಲ್ಯ ಉಳಿಯಬೇಕಾದರೆ 50 ಸಾವಿರ ಮೂಲನಿಧಿಗೆ ವಾಪಸ್ ಸೇರಿಸಿ 20 ಸಾವಿರ ಮಾತ್ರ ಕೊಡಬೇಕು.

ಗಂಗೋತ್ರಿಹಾದಿ: 20 ಸಾವಿರ? ಒಬ್ಬ ಹಾಸ್ಟೆಲ್ ವಿದ್ಯಾರ್ಥಿಯ ವರ್ಷದ ಊಟದ ಖರ್ಚೂ ಬರಲ್ಲ. ಅರ್ಧ ಬಡ್ಡಿ ಸೇರಿಸಿ, ಅರ್ಧ ಕೊಡಿ. ಈಗ ಓದ್ತಿರೋರನ್ನ ಉಪವಾಸ ಕೆಡವಿ 2050ರವರಿಗೆ ಉಳಿಸೋದು ನ್ಯಾಯ ಅಲ್ಲ.

ಘಟಿಕೋತ್ಸವಪ್ರಿಯ: ಆಗ ಪದಕವೇ ವಾಸಿ ಅಂತಾಯ್ತು.

ಗಂಗೋತ್ರಿಹಾದಿ: ಎಲ್ಲಿ ಆಯ್ತು?! ಯಾರು ಹೇಳಿದ್ದು? ಮೇಲೆ ಬರೆದಿದ್ದನ್ನ ಸರಿಯಾಗಿ ಓದಿ ಆಮೇಲೆ ಬರೀರಿ.

ನಿಯಮಾವಳಿ: ಪದಕ ಇರಲಿ, ವಿದ್ಯಾರ್ಥಿವೇತನ ಇರಲಿ, ದತ್ತಿ ಕೆಡೋದು ಷರತ್ತಿನಲ್ಲಿ. "ಇಂಥ ಐಚ್ಛಿಕ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ" ಅಂತ ಬರೀತಾರೆ, ಪಠ್ಯಕ್ರಮ ಬದಲಾಗುತ್ತೆ, ಪತ್ರಿಕೆಯೇ ಮಾಯ. "ಇಂಥ ತಾಲ್ಲೂಕಿನ, ಇಂಥ ವಿಷಯದ, ಮೊದಲ ಯತ್ನದಲ್ಲೇ ಪಾಸಾದ" ಅಂತ ಮೂರು ಷರತ್ತು ಹಾಕ್ತಾರೆ, ಅರ್ಹರೇ ಸಿಗಲ್ಲ, ಬಡ್ಡಿ ಖಾತೆಯಲ್ಲೇ ಕೊಳೆಯುತ್ತೆ. ಒಂದೇ ಷರತ್ತು ಇಡಿ. ಅದು ಅನ್ವಯ ಆಗದಿದ್ದರೆ ಉದ್ದೇಶಕ್ಕೆ ಹತ್ತಿರದ ಇನ್ನೊಂದಕ್ಕೆ ಬದಲಿಸುವ ಅಧಿಕಾರ ಸಿಂಡಿಕೇಟ್‌ಗಿದೆ ಅಂತ ಮೊದಲೇ ಬರೆದಿಡಿ. ಕರಡು ನಿಯಮಾವಳಿ, ದಾನಿಗಳ ಒಪ್ಪಿಗೆ ಪತ್ರ, ಹಣಕಾಸು ಅಧಿಕಾರಿ ಹೆಸರಿಗೆ ಡಿ.ಡಿ., ಮೂರೂ ಒಟ್ಟಿಗೆ ಹೋಗಲಿ. ಒಂದು ಹಿಂದೆ ಬಿದ್ದರೂ ಕಡತ ಮುಂದಿನ ಸಭೆಗೆ ಹೋಗುತ್ತೆ.

ಘಟಿಕೋತ್ಸವಪ್ರಿಯ: "ಬದಲಿಸುವ ಅಧಿಕಾರ" ಕೊಟ್ಟರೆ ನಾಳೆ ಪದಕಾನೇ ತೆಗೆದು ಹಾಕ್ತಾರೆ. ಒಪ್ಪಲ್ಲ.

ನಿಯಮಾವಳಿ: ಹೆಸರನ್ನು ಬದಲಿಸುವಂತಿಲ್ಲ ಅಂತ ಒಂದು ಸಾಲು ಸೇರಿಸಿ. ಅದಕ್ಕೇನು ಕಷ್ಟ.

ಪ್ರಸಾರಾಂಗಓದುಗ: ಸಭಾಂಗಣದ ಹೆಸರನ್ನು ಎಲ್ಲರೂ ಮರೆತ್ರಿ. ಡಿ.ಸಿ. ಪಾವಟೆ ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ನಡೆಸಿದರು, ಹದಿಮೂರು ವರ್ಷ. ಧಾರವಾಡದ ಕ್ಯಾಂಪಸ್ಸೇ ಅವರ ಕೈಯಲ್ಲಿ ಎದ್ದಿತು. ನಾಲ್ಕು ವರ್ಷಕ್ಕೆ ಒಂದು ಕಟ್ಟಡ ಅಂತ ಲೆಕ್ಕ ಹಿಡಿದರೆ ಮುಂದಿನವರಿಗೆ ಕಟ್ಟಡ ಎಲ್ಲಿಂದ ತರ್ತೀರಿ?

ಕೆಂಪುಗೌನು: "ನಾಲ್ಕು ವರ್ಷಕ್ಕೆ" ಅಂತ ಹೀಗಳೆಯಬೇಡಿ. ಅವಧಿ ಎಷ್ಟು ಅಂತ ಕಾಯ್ದೆ ಹೇಳುತ್ತೆ, ಅದು ಅವರ ತಪ್ಪಲ್ಲ. ಖಾಲಿ ಹುದ್ದೆಗಳ ನಡುವೆ, ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು, ಪರೀಕ್ಷೆ ಒಂದೂ ಮುಂದೂಡದೆ, ಫಲಿತಾಂಶ ಹೊತ್ತಿಗೆ ಸರಿಯಾಗಿ ಕೊಟ್ಟರು. ಅಂಕಪಟ್ಟಿ ತಡವಾದರೆ ಒಬ್ಬ ಹುಡುಗನ ನೌಕರಿ, ಮುಂದಿನ ಪ್ರವೇಶ ಎರಡೂ ಹೋಗುತ್ತೆ. ಅದು ದೊಡ್ಡ ಸೇವೆ ಅಲ್ಲವೇ?

ಪ್ರಸಾರಾಂಗಓದುಗ: ಹೌದು, ದೊಡ್ಡದೇ. ಹಾಗಿದ್ದರೆ ಬಿನ್ನವತ್ತಳೆಯ ಮೊದಲ ಸಾಲು ಅದೇ ಆಗಲಿ, ನ್ಯಾಕ್ ಅಲ್ಲ. ಒಂದು ಪುಟ ಮೀರಬಾರದು, ಗಡಿಯಾರ ಇಟ್ಟುಕೊಂಡು ಮೊದಲೇ ಓದಿಸಿ ನೋಡಿ. ಕಟ್ಟಡದ ಹೆಸರಿಗೆ ಮಾತ್ರ ನನ್ನ ವಿರೋಧ ಇದ್ದೇ ಇದೆ.

ಖಾತೆಪುಸ್ತಕ: ಇನ್ನೊಂದು. ನೌಕರರ ಸಂಬಳದಿಂದ ಹಣ ಹಿಡಿಯೋ ಸುತ್ತೋಲೆ ಬೇಡ. "ಸ್ವಇಚ್ಛೆಯಿಂದ" ಅಂತ ಬರೆದು ಕೆಳಗೆ ಹೆಸರಿನ ಪಟ್ಟಿ ಹಾಕಿದರೆ ಅದು ಸ್ವಇಚ್ಛೆ ಅಲ್ಲ. ಪ್ರತ್ಯೇಕ ಖಾತೆ ತೆರೆಯಿರಿ, ಪ್ರತಿ ರೂಪಾಯಿಗೂ ರಸೀದಿ ಕೊಡಿ.

ಘಟಿಕೋತ್ಸವಪ್ರಿಯ: ರಸೀದಿ ಕೊಡೋಣ. ಆದರೆ ಪದಕ ಬಿಡಲ್ಲ.

ಗಂಗೋತ್ರಿಹಾದಿ: ಸಮಿತಿ ಸಭೆಯಲ್ಲಿ ಮತಕ್ಕೆ ಹಾಕಿಸ್ತೀನಿ. ಅಲ್ಲಿ ನೋಡೋಣ.