ಕರ್ನೆಲ್ ಲಾಗ್‌ನಲ್ಲಿ ‘ಹಾರ್ಡ್‌ವೇರ್ ಎರರ್’: ಬೋರ್ಡ್ ಬದಲಿಸಬೇಕೇ? ಅನುಭವ ಇದ್ದವರು ತಿಳಿಸಿ

ಉಡುಪಿ, ಮುದ್ರಣಾಲಯ: ಮಳೆ ಹಿಡಿದಂದಿನಿಂದ ನಮ್ಮ ಲಿನಕ್ಸ್ ಯಂತ್ರದ ಕರ್ನೆಲ್ ಲಾಗ್‌ನಲ್ಲಿ, ಅಂದರೆ ವ್ಯವಸ್ಥೆಯ ತಿರುಳು ಬರೆದಿಡುವ ದಿನಚರಿಯಲ್ಲಿ, ‘ಎಂಸಿಇ: ಹಾರ್ಡ್‌ವೇರ್ ಎರರ್: ಮೆಷಿನ್ ಚೆಕ್ ಈವೆಂಟ್ಸ್ ಲಾಗ್ಡ್’ ಎಂಬ ಸಾಲು ದಿನಕ್ಕೆ ನಾಲ್ಕೈದು ಬಾರಿ ಬರುತ್ತಿದೆ. ಯಂತ್ರ ನಿಂತಿಲ್ಲ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಎನ್ನುತ್ತಾರೆ.

ಮಲ್ಪೆ: ಬೋರ್ಡಿಗೆ ದುಡ್ಡು ಸುರಿಯಬೇಡಿ, ನಾನು ಸುರಿದವನು. 2022ರ ಜುಲೈ. ನನ್ನ ಲಾಗ್‌ನಲ್ಲಿ ‘ಫೇಲ್ಡ್ ಕಮಾಂಡ್: ರೀಡ್ ಎಫ್‌ಪಿಡಿಎಂಎ ಕ್ಯೂಡ್’, ಅದರ ಬೆನ್ನಿಗೇ ‘ಹಾರ್ಡ್ ರೀಸೆಟಿಂಗ್ ಲಿಂಕ್’: ಡಿಸ್ಕನ್ನು ಓದಲಾಗದೆ ಸಂಪರ್ಕವನ್ನು ಹೊಸದಾಗಿ ಹೂಡುವುದು. ಸಾಟಾ, ಅಂದರೆ ಡಿಸ್ಕಿನ ಸಂಪರ್ಕದ, ವೇಗ 6 ಗಿಗಾಬಿಟ್‌ನಿಂದ 3ಕ್ಕೆ, ಆಮೇಲೆ 1.5ಕ್ಕೆ ಇಳಿಯಿತು. ಡಿಸ್ಕ್ ಸತ್ತಿತೆಂದು ₹3,850 ಕೊಟ್ಟು ಹೊಸತು ತಂದೆ. ಮೂರನೇ ದಿನ ಅದೇ ಸಾಲು. ಬೋರ್ಡಿಗೆ ₹7,400, ಕೂಲಿ ₹600. ಹೊಸ ಬೋರ್ಡಿಗೂ ಹಳೆಯ ಕೇಬಲನ್ನೇ ಚುಚ್ಚಿದ್ದರು! ಕೊನೆಗೆ ಹೊಸ ಡಿಸ್ಕಿನ ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ, ತೆಗೆದೆ: ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ಸಾಲು ಸೊನ್ನೆ, 199ನೆಯದು, ಸಾಗಣೆಯಲ್ಲಿ ಕೆಟ್ಟದ್ದನ್ನು ಹೇಳುವ ಸಿಆರ್‌ಸಿ ದೋಷದ ಎಣಿಕೆ, 1,312. ತಟ್ಟೆ ಚೆನ್ನಾಗಿದೆ, ದಾರಿ ಕೆಟ್ಟಿದೆ. ಕೇಬಲ್ ಕಿತ್ತರೆ ಅದರ ಬಾಯಲ್ಲಿ ಹಸಿರು ಕಿಲುಬು, ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. ನಮ್ಮ ಮನೆಗೆ ಕಡಲು ಇನ್ನೂರು ಹೆಜ್ಜೆ. ಹೊಸ ಕೇಬಲ್ ₹120. ಆ ಎಣಿಕೆ ಇಳಿಯುವಂಥದ್ದಲ್ಲ, ಆದರೆ ಇಂದಿಗೂ 1,312ರಲ್ಲೇ ನಿಂತಿದೆ.

ಮಣಿಪಾಲ: ಡಿಸ್ಕಿನ ಕಥೆ ಎಂಸಿಇಗೆ ಉತ್ತರವಲ್ಲ. ಎಂಸಿಇಯಲ್ಲಿ ದೂರು ಕೊಡುವುದು ಪ್ರೊಸೆಸರ್, ಕರ್ನೆಲ್ ಅದನ್ನು ಬರೆದಿಡುತ್ತದೆ ಅಷ್ಟೆ. ಪ್ರೊಸೆಸರ್‌ನ ಯಾವ ಬ್ಯಾಂಕ್ (ದೂರು ಕೊಟ್ಟ ಭಾಗ), ಸರಿಪಡಿಸಿದ್ದೋ ಅಲ್ಲವೋ ಎಂದು ಮೊದಲು ನೋಡಬೇಕು. ನಾನು ರಾಸ್‌ಡೀಮನ್ ಎಂಬ ದೋಷ ದಾಖಲಿಸುವ ತಂತ್ರಾಂಶ ಹಾಕಿ ಹನ್ನೊಂದು ದಿನ ಗಮನಿಸಿದೆ. ನನ್ನದು ಸಣ್ಣ ದೋಷವನ್ನು ತಾನೇ ಸರಿಪಡಿಸುವ ಇಸಿಸಿ ರ‍್ಯಾಮ್. ದೋಷ ಬಂದದ್ದು ಮೆಮೊರಿಯ ಒಂದೇ ಚಾನಲ್‌ನಿಂದ (ದಾರಿಯಿಂದ), ಎಲ್ಲವೂ ‘ಸಿಇ’, ಅಂದರೆ ಸರಿಪಡಿಸಿದ ದೋಷ. ಸರಿಯಾಗಿದೆಯಲ್ಲ ಎಂದು ಸುಮ್ಮನಿದ್ದೆ. ಹನ್ನೆರಡನೇ ರಾತ್ರಿ ‘ಯುಇ’, ಅಂದರೆ ಸರಿಪಡಿಸಲಾಗದ ದೋಷ, ಬಂದು ಯಂತ್ರ ಪ್ಯಾನಿಕ್ ಆಗಿ ನಿಂತೇಹೋಯಿತು. ಒಂಬತ್ತು ದಿನದಿಂದ ಓಡುತ್ತಿದ್ದ ಮಗಳ ಪಿಎಚ್‌ಡಿ ಲೆಕ್ಕಾಚಾರ ಮಣ್ಣುಪಾಲು. ಅವಳು ಅತ್ತದ್ದು ಈಗಲೂ ಕಿವಿಯಲ್ಲಿದೆ. ಮೆಮೊರಿ ಪಟ್ಟಿಗಳನ್ನು ಅದಲುಬದಲು ಮಾಡಿದೆ. ದೋಷ ಪಟ್ಟಿಯ ಜೊತೆಗೇ ಹೋಯಿತು. ಆ ಒಂದು ಪಟ್ಟಿಗೆ ₹5,200.

ಸುರತ್ಕಲ್: ಯಾಕೆ ಹೆದರಿಸುತ್ತೀರಿ? ನನ್ನ ಲ್ಯಾಪ್‌ಟಾಪ್‌ನಲ್ಲಿ ‘ಪಿಸಿಐಇ ಬಸ್ ಎರರ್: ಸೆವೆರಿಟಿ=ಕರೆಕ್ಟೆಡ್’, ಅಂದರೆ ಒಳಗಿನ ಕಾರ್ಡುಗಳ ಸಂಪರ್ಕದಲ್ಲಿ ಸರಿಪಡಿಸಿದ ದೋಷ, ಸೆಕೆಂಡಿಗೆ ನೂರಾರು ಬರುತ್ತಿತ್ತು. ಲಾಗ್ ಕಡತ 38 ಜಿಬಿಗೆ ಬೆಳೆದು ಡಿಸ್ಕ್ ತುಂಬಿತು, ಲಾಗಿನ್ ಕೂಡ ಆಗಲಿಲ್ಲ. ತಕರಾರು ವೈಫೈ ಕಾರ್ಡಿನದು. ಯಂತ್ರ ಶುರುವಾಗುವಾಗ ಓದುವ ಬೂಟ್ ಸಾಲಿಗೆ ‘ಪಿಸಿಐ=ನೋಎಇಆರ್’ ಸೇರಿಸಿದೆ. ಎರಡು ವರ್ಷದಿಂದ ನಿಶ್ಶಬ್ದ.

ಮಣಿಪಾಲ: ನಿಶ್ಶಬ್ದವಾದದ್ದು ಲಾಗ್. ದೋಷ ಅಲ್ಲೇ ಇದೆ, ನೀವು ವರದಿಯ ಬಾಯಿ ಕಟ್ಟಿದ್ದೀರಿ. ವಿದ್ಯುತ್ ಉಳಿತಾಯದ ಸಮಸ್ಯೆಯಾಗಿದ್ದರೆ ಅದನ್ನು ನಿಲ್ಲಿಸುವ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಹಾಕಿ ನೋಡಬೇಕಿತ್ತು.

ಸುರತ್ಕಲ್: ನೋಡಿದ್ದೇನೆ! ಬ್ಯಾಟರಿ ಐದು ಗಂಟೆಯಿಂದ ಮೂರೂವರೆಗೆ ಇಳಿಯಿತು. ದಿನವೂ ಕುಂದಾಪುರದ ಬಸ್ಸಿನಲ್ಲಿ ಕುಳಿತು ಕೆಲಸ ಮಾಡುವವನು ನಾನು, ನೀವಲ್ಲ. ಅಂಥ ದೋಷ ಬಂದಾಗ ಲಿಂಕ್ ಆ ಪ್ಯಾಕೆಟ್ಟನ್ನು ತಾನೇ ಮತ್ತೆ ಕಳುಹಿಸುತ್ತದೆ. ನಿಮ್ಮ ರ‍್ಯಾಮಿನ ನೋವನ್ನು ನನ್ನ ವೈಫೈ ಮೇಲೆ ತೀರಿಸಿಕೊಳ್ಳಬೇಡಿ.

ಉಡುಪಿ, ಮುದ್ರಣಾಲಯ: ನನ್ನದು ಇಸಿಸಿ ಅಲ್ಲ, ಕರ್ನೆಲ್ ಕೂಡ ಹಳೆಯದು. ಈಗ ಗಮನಿಸಿದೆ, ಪ್ರತಿ ಬಾರಿ ಹಿಂದಿನ ಸಾಲು ‘ಕೋರ್ ಟೆಂಪರೇಚರ್ ಅಬವ್ ಥ್ರೆಶೋಲ್ಡ್, ಸಿಪಿಯು ಕ್ಲಾಕ್ ಥ್ರಾಟಲ್ಡ್’, ಅಂದರೆ ಬಿಸಿ ಮಿತಿ ಮೀರಿ ಪ್ರೊಸೆಸರ್‌ನ ವೇಗ ತಗ್ಗಿದೆ.

ಹಂಪನಕಟ್ಟೆ, ರಿಪೇರಿ: ಹಾಗಿದ್ದರೆ ಬಿಸಿಯ ದೂರು. ಹಳೆಯ ಕರ್ನೆಲ್‌ಗಳು ಅದನ್ನೂ ಎಂಸಿಇ ಲೆಕ್ಕಕ್ಕೇ ಸೇರಿಸುತ್ತಿದ್ದವು. ಫ್ಯಾನ್ ಬಿಚ್ಚಿ, ಮುದ್ರಣಾಲಯವಾದ್ದರಿಂದ ಕಾಗದದ ನವಿರು ಕಂಬಳಿಯಂತೆ ಕುಳಿತಿರುತ್ತದೆ. ಪ್ರೊಸೆಸರ್ ಮೇಲೆ ಬಿಸಿ ಸಾಗಿಸಲು ಹಚ್ಚುವ ಪೇಸ್ಟ್ ಬದಲಿಸಿ. ಬಿಚ್ಚಿದಾಗಲೇ ರ‍್ಯಾಮ್ ಕಾಲುಗಳನ್ನು ಬಿಳಿ ರಬ್ಬರ್‌ನಿಂದ ಉಜ್ಜಿಬಿಡಿ, ಈ ಕರಾವಳಿಯಲ್ಲಿ ಕಪ್ಪು ಕಟ್ಟದೆ ಇರುವುದಿಲ್ಲ.

ಮಲ್ಪೆ: ರಬ್ಬರ್ ಬೇಡವೇ ಬೇಡ! ಚಿನ್ನದ ಲೇಪ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಅಂಗಡಿಯವರ ಇಂಥ ಮಾತು ಕೇಳಿಯೇ ನನ್ನ ₹11,850 ಹೋಯಿತು.

ಹಂಪನಕಟ್ಟೆ, ರಿಪೇರಿ: ನಾನು ಬೋರ್ಡ್ ಮಾರುವುದಿಲ್ಲ, ₹150 ಕೂಲಿಗೆ ಉಜ್ಜಿ ಕೊಡುತ್ತೇನೆ. ಹತ್ತೊಂಬತ್ತು ಮಳೆಗಾಲ ಉಜ್ಜಿದ್ದೇನೆ. ಲೇಪ ಸವೆದ ಒಂದು ಮೆಮೊರಿ ಪಟ್ಟಿ ತಂದು ತೋರಿಸಿ.

ಮಲ್ಪೆ: ಭಾನುವಾರ ತರುತ್ತೇನೆ. ಎರಡಿವೆ.