ಶುಕ್ರವಾರ ರಾತ್ರಿಯ ಟೆಂಪೋ ಟ್ರಾವೆಲರ್ ಗಲಾಟೆ, ಏನು ಮಾಡೋಣ?

ಮನೆ ನಂ. 14: ನಿನ್ನೆ ಮತ್ತೆ ಮೂರು ಟೆಂಪೋ ಪಾರ್ಕ್ ಮುಂದೆ ನಿಂತಿದ್ದವು. ಮುರುಡೇಶ್ವರ ಟ್ರಿಪ್ ಅಂತೆ. ರಾತ್ರಿ 12ರ ತನಕ ಹಾಡು ಹಚ್ಚಿ ಕುಣಿದರು. ಬೆಳಿಗ್ಗೆ ನಮ್ಮ ಗೇಟ್ ಹತ್ತಿರ ಬರೀ ಬಾಟಲಿ. ಹುಬ್ಬಳ್ಳಿಯಲ್ಲಿ ಬೇರೆ ಜಾಗ ಸಿಗಲಿಲ್ಲವಾ ಇವರಿಗೆ?

ಮನೆ ನಂ. 22: ನಮ್ಮ ಹುಡುಗರೇ ರೀ. ನನ್ನ ಮಗನೂ ಹೋಗಿದ್ದಾನೆ, ಅಲ್ಲೇ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಸಮುದ್ರದೊಳಗೆ ಮುಳುಗೋದು) ಮಾಡೋಕೆ. ಹತ್ತಿಸಿಕೊಳ್ಳೋದು ಮೇನ್ ರೋಡಿನಲ್ಲಿ ಆಗಲಿ. ಆದ್ರೂ ಅಲ್ಲಿಯವರಿಗೆ ನಾಲ್ಕು ದುಡ್ಡು ಆಗುತ್ತೆ, ಅಲ್ವಾ?

ಮನೆ ನಂ. 9: ಆಗುತ್ತೆ ವೈನಿ, ಸುಳ್ಳಲ್ಲ. ನನ್ನ ತವರು ಹೊನ್ನಾವರ ಕಡೆ. ನನ್ನ ತಮ್ಮ ಮೀನು ಹಿಡಿಯೋಕೆ ಬೋಟಿಗೆ ಹೋಗುತ್ತಿದ್ದವನು, ಈಗ ಎರಡು ಕೋಣೆ ಟೂರಿಸ್ಟರಿಗೆ ಕೊಡುತ್ತಾನೆ. ಆದರೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಅದೇ ಮಳೆಗಾಲದಲ್ಲಿ ಸ್ಕೂಬಾ, ಬೋಟ್ ರೈಡ್ ಕೂಡ ಬಂದ್. ಸುಮ್ನೆ ಕೂರುವ ತಿಂಗಳು ಮೊದಲೂ ಅದೇ, ಈಗಲೂ ಅದೇ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬೀಚ್ ಮುಚ್ಚಿದರು. ಮುಚ್ಚಲೇಬೇಕಿತ್ತು. ಆದರೆ ಅದು ಸೀಸನ್ನು, ಎಳನೀರು ಮಾರುವವರಿಂದ ಹಿಡಿದು ಎಲ್ಲರ ದುಡಿಮೆಯೂ ನಿಂತಿತು.

ಇನ್ನು ಜಾಗದ ಕಥೆ. ರಂಪಣಿ ಬಲೆ, ಅಂದರೆ ದಡದಲ್ಲಿ ನಿಂತು ಜನ ಎಳೆಯುವ ದೊಡ್ಡ ಬಲೆ, ಎಳೆಯೋಕೆ ದಡ ಉದ್ದಕ್ಕೂ ಖಾಲಿ ಬೇಕು. ಅಮ್ಮ ಬಂಗಡೆ ಒಣಗಿಸುತ್ತಿದ್ದ ಮರಳಿನ ಮೇಲೆ ಈಗ ಕುರ್ಚಿ, ಛತ್ರಿ. ಬಂದವರು ವಾಸನೆ ಅಂತ ಮೂಗು ಮುಚ್ಚುತ್ತಾರೆ. ಅಮ್ಮ ಈಗ ಮೊಣಕಾಲು ಹಿಡಿದುಕೊಂಡು ಬುಟ್ಟಿ ಹೊತ್ತು ತಾರಸಿ ಹತ್ತುತ್ತಾಳೆ.

ಮನೆ ನಂ. 31: ಹಂಗಾದರೆ ಟ್ರಿಪ್ಪೇ ಬೇಡ ಅಂತೀಯಾ ತಂಗಿ?

ಮನೆ ನಂ. 9: ಬೇಡ ಅಂದರೆ ತಮ್ಮನ ಕೋಣೆ ಖಾಲಿ ಬೀಳುತ್ತೆ ಕಾಕಾ! ಪ್ಯಾಕೇಜ್ ಬಿಟ್ಟು ಊರವರ ಮನೆಯಲ್ಲೇ ಉಳಿಯಲಿ, ಅಲ್ಲೇ ಉಣ್ಣಲಿ. ಖಾಲಿ ಬಾಟಲಿ ವಾಪಸ್ ತರಲಿ. ಇಲ್ಲಿ ಗೇಟ್ ಮುಂದೆ ಬಿದ್ದದ್ದು ಅಲ್ಲಿ ಬಲೆಗೆ ಬೀಳುತ್ತೆ, ಅಷ್ಟೇ ವ್ಯತ್ಯಾಸ.

ಮನೆ ನಂ. 14: ಸರಿ. ನಾಳೆ ಸಂಜೆ 5ಕ್ಕೆ ಪಾರ್ಕ್ ಕಟ್ಟೆಗೆ ಎಲ್ಲರೂ ಬನ್ನಿ, ಟ್ರಿಪ್ ಹುಡುಗರನ್ನೂ ಕರೆತನ್ನಿ. ರಾತ್ರಿ 10ರ ಮೇಲೆ ಲೌಡ್‌ಸ್ಪೀಕರ್ ಹಚ್ಚುವಂತಿಲ್ಲ ಅಂತ ಕಾನೂನೇ ಇದೆ. ಮೊದಲು ಬಾಯಲ್ಲಿ ಹೇಳೋಣ, ಕೇಳದಿದ್ದರೆ ಅರ್ಜಿ.

ಮನೆ ನಂ. 22: ಮಗನ ಫೋನ್ ಬಂತು. ಗಾಳಿ ಜಾಸ್ತಿ, ಸ್ಕೂಬಾ ಇಲ್ಲವಂತೆ. ತಂಗಿ, ನಿಮ್ಮ ಅಮ್ಮನ ಹತ್ತಿರ ಎರಡು ಕಿಲೋ ಒಣಮೀನು ತರೋಕೆ ಹೇಳಲಾ?

ಮನೆ ನಂ. 9: ಹೇಳಿ ವೈನಿ. ಟೆಂಪೋದವನು ಹತ್ತಿಸಿಕೊಂಡರೆ!