‘ತುರಿಕೆ 7 ದಾಟಿದ್ರ ಅಲರ್ಜಿ’ ಚಾರ್ಟಿನ ಜಗಳ (ನಮ್ಮ ಡಾಕ್ಟರ್ ಬ್ಯಾಚು, ಮುಂಬೈ–ಪುಣೆ–ಗೋವಾ)

ಶ್ರೀಧರ, ಡೊಂಬಿವಿಲಿ: ಈ ಚಾರ್ಟ್ ಎಲ್ಲಾರೂ ಕ್ಲಿನಿಕ್ಕಿನ ಗೋಡೆಗೆ ಹಚ್ಚ್ರಿ. ತುರಿಕೆ ಎಷ್ಟದ ಅಂತ ಪೇಶಂಟ್ ಸೊನ್ನೆಯಿಂದ 10ರೊಳಗ ಅಂಕ ಹೇಳ್ಬೇಕು. ತುರಿಕೆ 7 ದಾಟಿದ್ರ ಅಲರ್ಜಿ, ಸೆಟ್ರಿಜಿನ್ (ಅಲರ್ಜಿ ಗುಳಿಗಿ) ಕೊಡೂದು. ಮಳೆಗಾಲದ ಗದ್ದಲದಾಗ ಭಾಳ ಅನುಕೂಲ.

ವೀಣಾ, ಪುಣೆ: ಹಚ್ಚಬ್ಯಾಡ ಶ್ರೀಧರ. ಅಂಕ ಎಷ್ಟು ಅನ್ನೂದನ್ನ ಹೇಳ್ತದ, ಯಾಕ ಅನ್ನೂದನ್ನಲ್ಲ. ಹುಳದ ಕಜ್ಜಿಗೂ 9, ಕಾಮಾಲೆಗೂ 9.

ಶ್ರೀಧರ: ಹಂಗಾರ ಅಂಕ ಕೇಳೂದ ಬ್ಯಾಡೇನು?

ವೀಣಾ: ಕೇಳಬೇಕು, ನೆಟ್ಟಗ ಕೇಳಬೇಕು. ‘ಈಗ ಹೆಂಗದ’ ಅಲ್ಲ, ‘ಹಿಂದಿನ 24 ತಾಸಿನ್ಯಾಗ ಅತೀ ಜೋರು ಬಂದಾಗ ಎಷ್ಟಿತ್ತು’. ಮಧ್ಯಾಹ್ನ ಏಸಿಯಾಗ ಕೂತು 3 ಅನ್ನಾವ್ರಿಗೆ ರಾತ್ರಿ 9 ಇರ್ತದ. ಮೊದಲಿನ ಅಂಕ ಬರದಿಡ್ರಿ, ಮುಂದಿನ ಸಲ ಅದನ್ನ ತೋರಿಸದ ಕೇಳ್ರಿ. ಔಷಧಿ ಪರೀಕ್ಷೆಯೊಳಗ ಸಾಮಾನ್ಯವಾಗಿ 4 ಅಂಕ ಇಳಿದ್ರನ ಗುಣ ಅಂತಾರ. 8 ಇದ್ದದ್ದು 7 ಆದ್ರ ಹಿಗ್ಗಬ್ಯಾಡ್ರಿ.

ರತ್ನಾಕರ, ಮಡಗಾಂವ್: ಸಣ್ಣ ಮಕ್ಕಳು ನಂಬರ್ ಹೇಳುದಿಲ್ಲ ಮಾರಾಯ. ಉಗುರು ನೋಡು, ತುರಿಸಿ ತುರಿಸಿ ಪಾಲಿಶ್ ಹಾಕಿದ ಹಾಗೆ ಹೊಳೀತದೆ. ಬೆನ್ನು ನೋಡು. ಸುತ್ತ ಗೀರು, ಕೈ ಎಟುಕದ ನಡುಭಾಗ ಮಾತ್ರ ಚಿಟ್ಟೆ ಆಕಾರಕ್ಕೆ ಸಾಫ್ ಉಂಟಾದ್ರೆ, ಆ ಗಾಯ ಉಗುರಿನದ್ದು. ಕಾರಣ ಒಳಗೆ ಹುಡುಕ್ಬೇಕು.

ಶ್ರೀಧರ: ಸೆಟ್ರಿಜಿನ್ ಕೊಟ್ರ ಹಾನಿ ಏನು?

ವೀಣಾ: ಪಿತ್ತದ ಗಂದೆಗೆ ಕೊಡು, ಅಲ್ಲಿ ಹಿಸ್ಟಮಿನ್ನಿಂದನ ತುರಿಕೆ, ಸೆಟ್ರಿಜಿನ್ ತಡಿಯೂದು ಆ ರಾಸಾಯನಿಕಾನ. ಎಕ್ಸಿಮಾದಾಗ ನರ ಕೆಣಕೂದು ಮುಖ್ಯವಾಗಿ ಐಎಲ್-4, 13, 31 (ಇಂಟರ್‌ಲ್ಯೂಕಿನ್, ರೋಗನಿರೋಧಕ ಕಣಗಳು ಬಿಡೂ ಸಂದೇಶದ ಪ್ರೋಟೀನು). ಹಿಸ್ಟಮಿನ್ನಿನ ಬಾಗಿಲಾ ಹಾಕಿದ್ರ ಅವು ನಿಲ್ಲೂದಿಲ್ಲ. ಮಂಪರು ಹತ್ತಿ ಮಲಗಿದ್ದನ್ನ ತುರಿಕೆ ಇಳೀತು ಅಂತ ತಿಳೀತಾರ.

ಅದಕ್ಕಿಂತ ಕೆಟ್ಟದ್ದು ಗಜಕರ್ಣದ್ದು. ಲೋಕಲ್ ಟ್ರೇನಿನಾಗ ಬೆವತು ತೊಡಿಸಂದಿ ಕೆಂಪಾದವ್ರು ಮೆಡಿಕಲ್ಲಿನಿಂದ ಕ್ಲೊಬೆಟಸಾಲ್ ಅನ್ನೂ ಜೋರಿನ ಸ್ಟಿರಾಯ್ಡ್ ಬೆರೆಸಿದ ಮುಲಾಮು ತಂದು ಹಚ್ತಾರ. ನಾಕ ದಿನದಾಗ ಅಂಕ 8ರಿಂದ 2. ಬೂಷ್ಟು ಮಾತ್ರ ಒಳಗಿಂದೊಳಗ ಹಬ್ಬತಿರ್ತದ, ಉಂಗುರದ ಅಂಚು ಅಳಿಸಿ ಗುರುತ ಸಿಗೂದಿಲ್ಲ. ನಿನ್ನ ಚಾರ್ಟ್ ಅದನ್ನ ‘ಗುಣ’ ಅಂತ ಬರೀತದ. ನನ್ನ ಸಿಟ್ಟು ಅದಕ್ಕ.

ರತ್ನಾಕರ: ಕಜ್ಜಿಯಲ್ಲಿ ಇದೇ ಉಲ್ಟಾ. ಹುಳ ಕೊಲ್ಲುವ ಪರ್ಮೆಥ್ರಿನ್ 5% ಕ್ರೀಮು, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಿನ ಅಡಿಗೂ. 8–14 ಗಂಟೆ ಬಿಟ್ಟು ಸ್ನಾನ. ವಾರ ಬಿಟ್ಟು ಮತ್ತೊಮ್ಮೆ. ಮನೆಯವರೆಲ್ಲ ಒಂದೇ ರಾತ್ರಿ. ತುರಿಸಿದಲ್ಲಿಗೆ ಮಾತ್ರ ಹಚ್ಚಿದ್ರೆ ವಾಪಸ್ ಬರ್ತದೆ. ಹುಳ ಸತ್ತರೂ ತುರಿಕೆ 2–4 ವಾರ ಇರ್ತದೆ. ಅಂಕ ಇಳೀಲಿಲ್ಲ ಅಂತ ದಿನಾ ಹಚ್ಚಿದ್ರೆ ಚರ್ಮ ಒಣಗಿ ಮತ್ತೂ ತುರಿಸ್ತದೆ.

ಶ್ರೀಧರ: ಆತು, ‘7 ದಾಟಿದ್ರ’ ಸಾಲು ಅಳಸ್ತೀನಿ, 24 ತಾಸಿನ ಪ್ರಶ್ನೆ ಇಡ್ತೀನಿ. ಮೈಮ್ಯಾಲೆ ಏನೂ ಕಾಣದ 6 ವಾರ ದಾಟಿದವ್ರಿಗೆ?

ವೀಣಾ: ರಕ್ತಪರೀಕ್ಷೆ ಮಾಡಸು: ಸಿಬಿಸಿ (ರಕ್ತಕಣದ ಎಣಿಕೆ), ಫೆರಿಟಿನ್ (ಕಬ್ಬಿಣದ ಸಂಗ್ರಹ), ಲಿವರ್, ಕ್ರಿಯಾಟಿನಿನ್ (ಕಿಡ್ನಿ), ಥೈರಾಯ್ಡ್, ಶುಗರ್. ರಾತ್ರಿ ಬೆವರು, ತೂಕ ಇಳಿದದ್ದು ಕೇಳು, ಲಿಂಫೋಮಾ (ದುಗ್ಧಗ್ರಂಥಿ ಕ್ಯಾನ್ಸರ್) ಇರಬಹುದು. ಬಸುರಿ ಅಂಗೈ ಅಂಗಾಲು ತುರಸ್ತಾವ ಅಂದ್ರ ಅವತ್ತ ರಕ್ತದಾಗಿನ ಪಿತ್ತಾಮ್ಲ ನೋಡಸು, ಲಿವರಿನ ಪಿತ್ತ ಕಟ್ಟಿರಬಹುದು, ಅಂಕ ಎಷ್ಟರ ಇರ್ಲಿ.